ಹನ್ನೆರಡನೆಯವರು ಯಾರು? ‘ಓಷನ್ಸ್’ ಕಳ್ಳರ ಮೊದಲ ಕನ್ನ, ಎರಡನೇ ಕನ್ನ

ಲಾಸ್ ವೇಗಸ್‌ನ ಬೆಲಾಜಿಯೋ ಹೋಟೆಲಿನ ಮುಂದೆ ದೊಡ್ಡ ಕಾರಂಜಿ ಇದೆ. ರಾತ್ರಿ ಹೊತ್ತು. ಒಂದಷ್ಟು ಗಂಡಸರು ಕಟ್ಟೆಗೆ ಒರಗಿ ನೀರಿನ ಕುಣಿತ ನೋಡುತ್ತಾ ನಿಂತಿದ್ದಾರೆ. ಹಿನ್ನೆಲೆಯಲ್ಲಿ ಡೆಬ್ಯುಸಿಯ ‘ಕ್ಲೇರ್ ದ ಲೂನ್’ ಮೆಲ್ಲಗೆ ಕೇಳಿಸುತ್ತಿದೆ. ಇವರು ಆಗಷ್ಟೇ ಅದೇ ಹೋಟೆಲಿನ ನೆಲದಡಿಯ ತಿಜೋರಿಗೆ ಕನ್ನ ಹಾಕಿ, 16 ಕೋಟಿ ಡಾಲರ್ ಹೊತ್ತು ಬಂದವರು. ಆದರೆ ಕುಣಿದಾಟ ಇಲ್ಲ, ಕೂಗಾಟ ಇಲ್ಲ. ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಆಮೇಲೆ ಒಬ್ಬೊಬ್ಬರೇ ಹೊರಟು ಹೋಗುತ್ತಾರೆ. ಒಂದೂ ಮಾತಿಲ್ಲ.

2001ರ ‘ಓಷನ್ಸ್ ಇಲೆವೆನ್’ ಸಿನಿಮಾದ ಈ ದೃಶ್ಯ ನನಗೆ ಬಹಳ ಇಷ್ಟ. ಕೇಬಲ್ ಟಿವಿ ಕಾಲದಲ್ಲಿ ಈ ಸಿನಿಮಾವನ್ನು ಎಷ್ಟು ಸಲ ಅರ್ಧದಿಂದ ನೋಡಿದ್ದೇನೋ ಲೆಕ್ಕವಿಲ್ಲ. ಕಾರಂಜಿ ಬಂದಾಗೆಲ್ಲ ರಿಮೋಟ್ ಕೆಳಗಿಡುತ್ತಿದ್ದೆ. ಕೆಲಸ ಮುಗಿಯಿತು, ಇನ್ನು ಇವರು ಹೀಗೆ ಒಟ್ಟಿಗೆ ನಿಲ್ಲುವುದಿಲ್ಲ ಅನ್ನೋ ಸಣ್ಣ ಬೇಜಾರು ಅದರಲ್ಲಿದೆ. ಆದರೆ ಮೂರೇ ವರ್ಷಕ್ಕೆ, 2004ರ ಡಿಸೆಂಬರ್‌ನಲ್ಲಿ, ಅವರೆಲ್ಲ ಮತ್ತೆ ಸೇರಿದರು. ‘ಓಷನ್ಸ್ ಟ್ವೆಲ್ವ್’ ಬಂತು. ಅದೇ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್. ಅದೇ ಜಾರ್ಜ್ ಕ್ಲೂನಿ, ಬ್ರಾಡ್ ಪಿಟ್, ಮ್ಯಾಟ್ ಡೇಮನ್, ಜೂಲಿಯಾ ರಾಬರ್ಟ್ಸ್. ಮೊದಲನೆಯದಕ್ಕೆ ಸುಮಾರು 8.5 ಕೋಟಿ ಡಾಲರ್ ಖರ್ಚಾಗಿತ್ತು, ಎರಡನೆಯದಕ್ಕೆ ಸುಮಾರು 11 ಕೋಟಿ. ಗಳಿಕೆ ಮಾತ್ರ ಸುಮಾರು 45 ಕೋಟಿಯಿಂದ 36 ಕೋಟಿಗೆ ಇಳಿಯಿತು. ಸೋತ ಸಿನಿಮಾ ಅಂತ ಯಾವ ಲೆಕ್ಕದಲ್ಲೂ ಹೇಳುವಂತಿಲ್ಲ. ಆದರೂ ನೋಡಿ ಬಂದವರಲ್ಲಿ ಬಹಳ ಜನ ಮೋಸ ಹೋದವರ ಹಾಗೆ ಸಿಡಿಮಿಡಿಗೊಂಡಿದ್ದರು. ಇಪ್ಪತ್ತು ವರ್ಷ ದಾಟಿದರೂ ಆ ಸಿಟ್ಟು ಪೂರ್ತಿ ಆರಿಲ್ಲ. ಇನ್ನೊಂದು ಕಡೆ, ಇದೇ ಚೆನ್ನಾಗಿರೋದು ಎನ್ನುವ ಗುಂಪೂ ಬೆಳೆದಿದೆ.

ಈಗ ಈ ಮಾತು ಎತ್ತಲು ಒಂದು ಕಾರಣ ಇದೆ. ಇದೇ ಕಳ್ಳರ ಇನ್ನೊಂದು ಸಿನಿಮಾ ಬರುತ್ತದೆ ಎನ್ನುವ ಸುದ್ದಿ ಕೆಲವು ವರ್ಷಗಳಿಂದ ಓಡಾಡುತ್ತಿದೆ. ಕ್ಲೂನಿ ಅವರೇ ಸಂದರ್ಶನಗಳಲ್ಲಿ ಅದರ ಬಗ್ಗೆ ಮಾತಾಡಿದ್ದಾರೆ. ಹಾಗಾಗಿ ಹಳೆಯ ಪ್ರಶ್ನೆ ಮತ್ತೆ ಬರುತ್ತದೆ. ಎರಡನೆಯದರಲ್ಲಿ ಎಡವಿದ್ದು ಎಲ್ಲಿ? ಕತೆ ಸಡಿಲ, ದೊಡ್ಡ ದೊಡ್ಡ ಸ್ಟಾರ್‌ಗಳು ಸುಮ್ನೆ ಯುರೋಪಿಗೆ ರಜೆಗೆ ಹೋಗಿ ಬಂದ ಹಾಗಿದೆ ಅನ್ನೋದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ಸಡಿಲವಾದ ಎಷ್ಟೋ ಸಿನಿಮಾಗಳನ್ನು ನಾವು ಪ್ರೀತಿಯಿಂದ ನೋಡುತ್ತೇವೆ, ಅಲ್ವಾ? ನನ್ನ ಪ್ರಕಾರ ವಿಷಯ ಬೇರೆ. ಮೊದಲ ಸಿನಿಮಾದಲ್ಲಿ ಹನ್ನೊಂದು ಕಳ್ಳರ ಜೊತೆ ಹನ್ನೆರಡನೆಯವರು ನಾವು. ಎರಡನೆಯದರ ಹೆಸರಲ್ಲೇ ಹನ್ನೆರಡು ಇದೆ, ಆದರೆ ಅಲ್ಲಿ ನಮಗೆ ಜಾಗ ಇಲ್ಲ.

ಇದು ಅರ್ಥವಾಗಬೇಕಾದರೆ ಮೊದಲನೆಯದನ್ನು ಸ್ವಲ್ಪ ಬಿಚ್ಚಿ ನೋಡಬೇಕು.

‘ಓಷನ್ಸ್ ಇಲೆವೆನ್’ ಕೂಡ ಸ್ವಂತ ಕತೆಯಲ್ಲ. 1960ರಲ್ಲಿ ಇದೇ ಹೆಸರಿನ ಸಿನಿಮಾ ಬಂದಿತ್ತು. ಫ್ರಾಂಕ್ ಸಿನಾತ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್ ಅದರಲ್ಲಿದ್ದರು. ಹೊಸ ವರ್ಷದ ಹಿಂದಿನ ರಾತ್ರಿ ವೇಗಸ್‌ನ ಐದು ಕ್ಯಾಸಿನೋಗಳನ್ನು ಒಟ್ಟಿಗೆ ದೋಚುವ ಕತೆ. ದೋಚುತ್ತಾರೇನೋ ಸರಿ, ಆದರೆ ಹಣವನ್ನು ಶವಪೆಟ್ಟಿಗೆಯಲ್ಲಿ ಬಚ್ಚಿಡುತ್ತಾರೆ, ಶವದ ಜೊತೆ ಹಣವೂ ಸುಟ್ಟು ಬೂದಿಯಾಗುತ್ತದೆ. ಕಳ್ಳ ಗೆದ್ದ ಹಾಗೆ ತೋರಿಸಬಾರದು ಎಂದು ಹಾಲಿವುಡ್ ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದ ಕಾಲ ಅದು. ಸಿನಾತ್ರಾ ಗೆಳೆಯರ ಮೋಜು ಬಿಟ್ಟರೆ ಆ ಸಿನಿಮಾದಲ್ಲಿ ಹೆಚ್ಚೇನೂ ಇಲ್ಲ ಎಂದು ನನಗನ್ನಿಸುತ್ತದೆ. ಸೋಡರ್‌ಬರ್ಗ್ ಜಾಣತನ ಇರುವುದು ಇಲ್ಲೇ. ಒಳ್ಳೆಯ ಸಿನಿಮಾವನ್ನು ಮತ್ತೆ ಮಾಡಲು ಹೋಗಲಿಲ್ಲ, ಸಾಧಾರಣವಾದದ್ದನ್ನು ಎತ್ತಿಕೊಂಡು ಟೆಡ್ ಗ್ರಿಫಿನ್ ಕೈಯಲ್ಲಿ ಹೊಸದಾಗಿ ಬರೆಸಿದರು. ಹೆಸರು, ಊರು, ಗುಂಪು ಉಳಿಯಿತು. ಉಳಿದದ್ದೆಲ್ಲ ಬದಲಾಯಿತು.

ಹೊಸ ಕತೆಯ ಮೊದಲ ಒಳ್ಳೆಯ ಗುಣ, ಅದರ ನಕ್ಷೆ ನಮ್ಮ ತಲೆಯಲ್ಲಿ ಕೂರುತ್ತದೆ. ಬೆಲಾಜಿಯೋ, ಮಿರಾಜ್, ಎಂಜಿಎಂ ಗ್ರ್ಯಾಂಡ್ ಎಂಬ ಮೂರು ಕ್ಯಾಸಿನೋಗಳ ಹಣ ಒಂದೇ ತಿಜೋರಿಗೆ ಬರುತ್ತದೆ. ಮೂರಕ್ಕೂ ಯಜಮಾನ ಟೆರಿ ಬೆನೆಡಿಕ್ಟ್. ಆಂಡಿ ಗಾರ್ಸಿಯಾ ಮಾಡಿದ ಈ ಪಾತ್ರ ನಗುವುದೇ ಇಲ್ಲ. ಜೈಲಿನಿಂದ ಆಗತಾನೆ ಹೊರಬಂದ ಡ್ಯಾನಿ ಓಷನ್, ಅಂದರೆ ಕ್ಲೂನಿ, ಗುಂಪು ಕಟ್ಟುತ್ತಾನೆ. ಮುದುಕ ರೂಬೆನ್ ಹಿಂದೆ ಇದೇ ಊರಲ್ಲಿ ಕದಿಯಲು ಹೋದ ಮೂವರ ಕತೆ ಹೇಳಿ ಹೆದರಿಸುತ್ತಾನೆ. ಒಬ್ಬನಿಗಿಂತ ಒಬ್ಬ ನಾಲ್ಕು ಹೆಜ್ಜೆ ಮುಂದೆ ಹೋದವರು, ಆದರೆ ಒಬ್ಬನೂ ದಕ್ಕಿಸಿಕೊಳ್ಳಲಿಲ್ಲ. ಆಮೇಲೆ ಡ್ಯಾನಿ ತಿಜೋರಿಯ ಕಾವಲು ವಿವರಿಸುತ್ತಾನೆ. ಹನ್ನೆರಡು ಗಂಟೆಗೊಮ್ಮೆ ಬದಲಾಗುವ ಬಾಗಿಲಿನ ಸಂಖ್ಯೆ. ಬೆರಳಚ್ಚು ಇಲ್ಲದೆ ಕದಲದ ಲಿಫ್ಟ್. ಕೆಳಗೆ ಬಂದೂಕು ಹಿಡಿದವರು. ಕೊನೆಗೆ ತಿಜೋರಿಯ ಬಾಗಿಲು. ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಮನೆಗೆ ಹೋಗಬೇಕಿತ್ತು. ಇವರು ಹೋಗುವುದಿಲ್ಲ, ನಾವೂ ಹೋಗುವುದಿಲ್ಲ.

ಎರಡನೆಯದು, ಹನ್ನೊಂದು ಜನ ನೆನಪಿನಲ್ಲಿ ಉಳಿಯುತ್ತಾರೆ. ಇದು ಸುಲಭದ ಕೆಲಸವಲ್ಲ. ಮದುವೆ ಮನೆ ಅಡುಗೆಯವರನ್ನು ನೋಡಿದ್ದೀರಲ್ಲ. ಒಬ್ಬ ಹೆಚ್ಚುವವನು, ಒಬ್ಬ ಸಾರಿನವನು, ಒಬ್ಬ ಬರೀ ಹೋಳಿಗೆಯವನು. ಹೆಸರು ಗೊತ್ತಿಲ್ಲದಿದ್ದರೂ ಮಧ್ಯಾಹ್ನದ ಹೊತ್ತಿಗೆ ಯಾರು ಯಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲೂ ಹಾಗೇ. ಯೆನ್ ಮೈ ಮಡಚಿ ಹಣದ ಗಾಡಿಯೊಳಗೆ ಕೂರುವವನು. ಬ್ಯಾಷರ್ ಊರಿಗೇ ಕರೆಂಟ್ ತೆಗೆಯುವವನು. ಲಿವಿಂಗ್‌ಸ್ಟನ್ ಕ್ಯಾಮೆರಾ ನೋಡಿಕೊಳ್ಳುವವನು. ಸಾಲ್ ವಿದೇಶಿ ಶ್ರೀಮಂತನ ವೇಷ ಹಾಕುವವನು. ಮಾಲೋಯ್ ಅಣ್ಣತಮ್ಮಂದಿರು ಬೆಳಗಿಂದ ಸಂಜೆವರೆಗೆ ಜಗಳ ಆಡುವವರು. ಪಿಟ್ ಮಾಡಿದ ರಸ್ಟಿ ಪ್ರತಿ ದೃಶ್ಯದಲ್ಲೂ ಏನಾದರೂ ತಿನ್ನುತ್ತಲೇ ಇರುತ್ತಾನೆ. ಇದಕ್ಕೆಲ್ಲ ಸಿನಿಮಾ ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಒಂದೊಂದು ಚಾಳಿ.

ಆದರೆ ನನಗೆ ಮುಖ್ಯ ಅನಿಸುವವನು ಲೈನಸ್. ಡೇಮನ್ ಮಾಡಿದ ಪಾತ್ರ. ಗುಂಪಿನಲ್ಲಿ ಚಿಕ್ಕವನು, ಕೈಚಳಕದ ಜೇಬುಗಳ್ಳ, ದೊಡ್ಡ ಕೆಲಸಕ್ಕೆ ಹೊಸಬ. ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾನೆ. ಬೇರೆಯವರಿಗೆ ಗೊತ್ತಿರುವುದು ಅವನಿಗೆ ಗೊತ್ತಿರುವುದಿಲ್ಲ. ಅಂದರೆ ಅವನು ನಾವೇ. ಕತೆಯ ನಡುವೆ, ಡ್ಯಾನಿಯ ಮಾಜಿ ಹೆಂಡತಿ ಟೆಸ್ ಈಗ ಬೆನೆಡಿಕ್ಟ್ ಜೊತೆ ಇದ್ದಾಳೆ ಎನ್ನುವುದು ಬಯಲಾಗುತ್ತದೆ. ಹೆಂಡತಿಯ ಹುಚ್ಚಿನಲ್ಲಿ ಕೆಲಸ ಕೆಡಿಸುತ್ತಾನೆ ಎಂದು ರಸ್ಟಿ ಡ್ಯಾನಿಯನ್ನು ಗುಂಪಿನಿಂದ ಹೊರಗೆ ಹಾಕುತ್ತಾನೆ. ಅವನ ಜಾಗಕ್ಕೆ ಲೈನಸ್ ಬರುತ್ತಾನೆ, ಬೆವರುತ್ತಾನೆ. ಆಮೇಲೆ ನೋಡಿದರೆ ಕೆಳಗಿಳಿಯುವ ಹೊತ್ತಿಗೆ ಡ್ಯಾನಿ ಅಲ್ಲೇ ಹಾಜರ್. ಹೊರಗೆ ಹಾಕಿದ್ದು ನಾಟಕ. ನಮಗೆ ಟೋಪಿ ಬಿತ್ತು, ಆದರೆ ಲೈನಸ್‌ಗೂ ಬಿತ್ತು. ಗುಂಪಿನ ಕಿರಿಯನಿಗೆ ದೊಡ್ಡವರು ಎಲ್ಲವನ್ನೂ ಹೇಳುವುದಿಲ್ಲ, ಅಷ್ಟೇ. ಇದು ಒಳಗಿನವರ ಕೀಟಲೆ. ಇದಕ್ಕೆ ಸಿಟ್ಟು ಬರುವುದಿಲ್ಲ, ನಗು ಬರುತ್ತದೆ.

ಇನ್ನು ದೊಡ್ಡ ಟೋಪಿಗೆ ಬನ್ನಿ. ಗುಂಪಿನವರು ಬೆನೆಡಿಕ್ಟನ ತಿಜೋರಿಯ ಹಾಗೇ ಇನ್ನೊಂದನ್ನು ಕಟ್ಟಿಸುತ್ತಾರೆ. ಅಭ್ಯಾಸಕ್ಕೆ ಎಂದು ನಾವು ಸುಮ್ಮನಾಗುತ್ತೇವೆ. ಕೊನೆಗೆ ಬೆನೆಡಿಕ್ಟ್ ಟಿವಿ ಪರದೆಯಲ್ಲಿ ಕಳ್ಳರು ತನ್ನ ತಿಜೋರಿ ಖಾಲಿ ಮಾಡುವುದನ್ನು ನೋಡುತ್ತಾನಲ್ಲ, ಅದು ಆ ನಕಲಿ ತಿಜೋರಿಯಲ್ಲಿ ಮೊದಲೇ ತೆಗೆದ ಚಿತ್ರ. ಅವನು ಗಾಬರಿಯಲ್ಲಿ ಪೊಲೀಸರನ್ನು ಕರೆಸುತ್ತಾನೆ. ಬಂದ ಪೊಲೀಸರ ಪಡೆಯೇ ಕಳ್ಳರು. ಹಣವನ್ನು ತಮ್ಮ ಚೀಲಗಳಲ್ಲಿ ತುಂಬಿಕೊಂಡು ಅವನ ಮುಂದೆಯೇ ನಡೆದು ಹೋಗುತ್ತಾರೆ. ಅತ್ತ ಅವನ ಜನ ಅಟ್ಟಿಸಿಕೊಂಡು ಹೋದ ವ್ಯಾನಿನಲ್ಲಿ ಬರೀ ಜಾಹೀರಾತು ಚೀಟಿಗಳು. ಚಿತ್ರದಲ್ಲಿನ ನೆಲದ ಮೇಲೆ ಬೆಲಾಜಿಯೋ ಹೆಸರಿಲ್ಲ ಅನ್ನೋದು ಬೆನೆಡಿಕ್ಟನಿಗೆ ಹೊಳೆಯುವಾಗ ನಮಗೂ ಹೊಳೆಯುತ್ತದೆ. ಆದರೆ ಅವನ ಹಾಗೆ ನಮಗೆ ಉರಿಯುವುದಿಲ್ಲ. ಯಾಕೆಂದರೆ ನಕಲಿ ತಿಜೋರಿ ಕಟ್ಟಿದ್ದನ್ನು ನಮಗೆ ತೋರಿಸಿದ್ದರು. ಯಾವುದನ್ನೂ ಮುಚ್ಚಿಟ್ಟಿರಲಿಲ್ಲ, ನಾವೇ ಮರೆತಿದ್ದೆವು.

ಈ ಬಗೆಯ ಸಿನಿಮಾಗಳಲ್ಲಿ ಒಂದು ಹಳೆಯ ಲೆಕ್ಕ ಇದೆ. ಯೋಜನೆಯನ್ನು ಮೊದಲೇ ಪೂರ್ತಿ ವಿವರಿಸಿದರೆ ಅದು ಕೆಡುತ್ತದೆ. ಹೇಳದೆ ಬಿಟ್ಟರೆ ಗೆಲ್ಲುತ್ತದೆ. ಹೇಳಿದ್ದು ಹೇಳಿದ ಹಾಗೇ ನಡೆದರೆ ನೋಡುವುದಕ್ಕೆ ಏನಿದೆ? ಮೊದಲ ಸಿನಿಮಾ ಅರ್ಧ ಹೇಳಿ ಅರ್ಧ ಬಿಡುತ್ತದೆ. ಹೇಳಿದ ಅರ್ಧದಲ್ಲಿ ಸಣ್ಣ ಸಣ್ಣ ಎಡವಟ್ಟುಗಳು. ಯೆನ್‌ನ ಕೈ ಸಿಕ್ಕಿಕೊಳ್ಳುತ್ತದೆ. ಬಾಗಿಲು ಸ್ಫೋಟಿಸಬೇಕು, ಸ್ವಿಚ್ ಒತ್ತಿದರೆ ಬ್ಯಾಟರಿ ಸತ್ತಿದೆ. ಜಗತ್ತಿನ ದೊಡ್ಡ ಕಳ್ಳತನ ಟಾರ್ಚಿನ ಸೆಲ್ಲಿನ ಹಾಗಿರುವ ಒಂದು ವಸ್ತುವಿಗೆ ನಿಂತುಹೋಗುವುದು ನನಗೆ ಇವತ್ತಿಗೂ ನಗು ತರಿಸುತ್ತದೆ. ಬಿಟ್ಟ ಅರ್ಧದಲ್ಲಿ ಕೊನೆಯ ಚಮತ್ಕಾರ.

ಸರಿ, ಎರಡನೆಯದಕ್ಕೆ ಬರೋಣ. ಕಾರಂಜಿಯ ಮುಂದೆ ಬೀಳ್ಕೊಟ್ಟವರನ್ನು ಮತ್ತೆ ಕರೆತರಬೇಕು. ಏನು ನೆಪ? ಬೆನೆಡಿಕ್ಟ್ ಒಬ್ಬೊಬ್ಬರ ಬಾಗಿಲಿಗೂ ಬರುತ್ತಾನೆ. ಕದ್ದ ಹಣ ಬಡ್ಡಿ ಸಮೇತ ಎರಡು ವಾರದಲ್ಲಿ ವಾಪಸ್ ಬೇಕು ಅನ್ನುತ್ತಾನೆ. ಈ ದೃಶ್ಯಗಳನ್ನು ನೋಡುವಾಗ ನನಗೆ ಬೆನೆಡಿಕ್ಟ್ ಕಾಣುವುದಿಲ್ಲ, ಸಿನಿಮಾ ಕಂಪನಿ ಕಾಣುತ್ತದೆ. ಹೋದ ಸಲ ಇಷ್ಟು ದುಡಿದಿರಿ, ಈ ಸಲ ಬಡ್ಡಿ ಸೇರಿಸಿ ಕೊಡಿ ಎನ್ನುವ ಹಾಗೆ. ಸೀಕ್ವೆಲ್ ಯಾಕೆ ಹುಟ್ಟುತ್ತದೆ ಅನ್ನೋದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಸೀಕ್ವೆಲ್ ನಾನು ಬೇರೆ ನೋಡಿಲ್ಲ.

ಈ ತಮಾಷೆ ಅಲ್ಲಿಗೇ ನಿಲ್ಲುವುದಿಲ್ಲ. ವಿಮಾನದಲ್ಲಿ ಲೈನಸ್ ಬಂದು ಈ ಸಲ ನನಗೆ ದೊಡ್ಡ ಪಾತ್ರ ಬೇಕು ಎಂದು ಸಂಕೋಚದಿಂದ ಕೇಳುತ್ತಾನೆ. ಗುಂಪಿಗೆ ‘ಓಷನ್ಸ್ ಇಲೆವೆನ್’ ಅಂತ ಹೆಸರಿಟ್ಟವರು ಯಾರು, ನಾವೇನು ಡ್ಯಾನಿಯ ಆಳುಗಳಾ ಎಂದು ಉಳಿದವರು ಗೊಣಗುತ್ತಾರೆ. ನಾನು ಐವತ್ತರ ಹಾಗೆ ಕಾಣುತ್ತೇನಾ ಎಂದು ಡ್ಯಾನಿ ಕಂಡಕಂಡವರನ್ನು ಕೇಳುತ್ತಾ ತಿರುಗುತ್ತಾನೆ. ಖಳ ಹುಟ್ಟಿದ್ದೂ ಹೀಗೇ. ಫ್ರಾನ್ಸ್‌ನ ಶ್ರೀಮಂತ ಕಳ್ಳ ತುಲೂರ್, ವಿನ್ಸೆಂಟ್ ಕ್ಯಾಸೆಲ್ ಮಾಡಿದ ಪಾತ್ರ. ಡ್ಯಾನಿಯ ವೇಗಸ್ ಕೆಲಸವನ್ನು ಯಾರೋ ತನ್ನ ಗುರು ಲಮಾರ್ಕ್ ಮುಂದೆ ಹೊಗಳಿದರು, ಗುರು ಅಲ್ಲಗಳೆಯಲಿಲ್ಲ, ಅದಕ್ಕೇ ಹೊಟ್ಟೆಕಿಚ್ಚು. ಬೆನೆಡಿಕ್ಟನಿಗೆ ಇವರ ವಿಳಾಸ ಕೊಟ್ಟವನೂ ಅವನೇ. ಮೊದಲ ಸಿನಿಮಾಕ್ಕೆ ಬಿದ್ದ ಚಪ್ಪಾಳೆಯೇ ಎರಡನೆಯದರ ಖಳನನ್ನು ಹೆತ್ತಿತು. ಬರೆದವರು ಜಾಣರು, ಅದರಲ್ಲಿ ಅನುಮಾನ ಬೇಡ.

ಬರೆದವರು ಜಾರ್ಜ್ ನೋಲ್ಫಿ. ಅವರ ಚಿತ್ರಕತೆ ಮೊದಲು ಈ ಗುಂಪಿಗೆಂದು ಬರೆದದ್ದೇ ಅಲ್ಲ. ಇಬ್ಬರು ಮಹಾಕಳ್ಳರ ಪೈಪೋಟಿಯ ಬೇರೊಂದು ಕತೆಯನ್ನು ತಂದು ಓಷನ್ ಬಳಗಕ್ಕೆ ಹೊಂದಿಸಿದರು. ಹೊಲಿಗೆ ಎಲ್ಲಿ ಬಿದ್ದಿದೆ ಅನ್ನೋದು ನೋಡಿದರೆ ಗೊತ್ತಾಗುತ್ತದೆ. ಡ್ಯಾನಿ ಮತ್ತು ತುಲೂರ್ ನಡುವಿನ ಪಂದ್ಯಕ್ಕೆ ಹನ್ನೊಂದು ಜನ ಬೇಕಾಗಿಲ್ಲ. ಹಾಗಾಗಿ ಅರ್ಧ ಕತೆ ಆಗುವ ಹೊತ್ತಿಗೆ ಹೆಚ್ಚಿನವರು ಜೈಲು ಸೇರುತ್ತಾರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆ ಬದಿಯ ಮನೆಯನ್ನೇ ಸ್ವಲ್ಪ ಮೇಲಕ್ಕೆತ್ತಿ, ಜಗತ್ತಿನ ಮೊದಲ ಷೇರುಪತ್ರ ಕದಿಯುವ ಒಂದು ಭಾಗ ಇದೆ. ಅದೊಂದೇ ಹಳೆಯ ಗುಂಪಿನ ಕೆಲಸದ ಹಾಗಿರುವುದು. ಒಳಗೆ ಹೋಗಿ ನೋಡಿದರೆ ತುಲೂರ್ ಮೊದಲೇ ಬಂದು ಹೋಗಿರುತ್ತಾನೆ. ಆಮೇಲೆ ರೋಮ್. ಫಾಬರ್ಜೆ ಮೊಟ್ಟೆ ಎಂಬ ರತ್ನಖಚಿತ ಒಡವೆಯನ್ನು ಯಾರು ಮೊದಲು ಕದಿಯುತ್ತಾರೆ ಅನ್ನೋದು ಪಂದ್ಯ. ಡ್ಯಾನಿ ಗೆದ್ದರೆ ಸಾಲ ತೀರಿಸುವವನು ತುಲೂರ್. ಮೇಲೆ ರಸ್ಟಿಯ ಹಳೆಯ ಪ್ರೇಯಸಿ ಇಸಬೆಲ್, ಯುರೋಪಿನ ದೇಶಗಳ ಪೊಲೀಸ್ ಸಂಸ್ಥೆ ಯೂರೋಪೋಲ್‌ನ ಅಧಿಕಾರಿ, ಇವರ ಬೆನ್ನು ಹತ್ತಿದ್ದಾಳೆ. ಆ ಪಾತ್ರ ಕ್ಯಾಥರೀನ್ ಜೀಟಾ ಜೋನ್ಸ್‌ರದು.

ಈಗ ಎಲ್ಲರೂ ಜಗಳ ಆಡುವ ಭಾಗ. ಡ್ಯಾನಿ, ರಸ್ಟಿ ಎಲ್ಲ ಒಳಗೆ ಹೋದ ಮೇಲೆ ಲೈನಸ್ ಮತ್ತು ಉಳಿದ ಇಬ್ಬರು ಟೆಸ್‌ಳನ್ನು ಕರೆಸುತ್ತಾರೆ. ಯಾಕೆ? ಟೆಸ್ ನೋಡಲು ನಟಿ ಜೂಲಿಯಾ ರಾಬರ್ಟ್ಸ್ ಹಾಗಿದ್ದಾಳಂತೆ! ಟೆಸ್ ಪಾತ್ರ ಮಾಡಿದ್ದೇ ಜೂಲಿಯಾ ರಾಬರ್ಟ್ಸ್. ಆಗ ಅವರು ನಿಜವಾಗಿಯೂ ಬಸುರಿ. ಹಾಗಾಗಿ ಟೆಸ್ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಬಸುರಿ ಜೂಲಿಯಾಳ ವೇಷದಲ್ಲಿ ಮ್ಯೂಸಿಯಂಗೆ ಬರಬೇಕು. ಅಷ್ಟರಲ್ಲಿ ಬ್ರೂಸ್ ವಿಲ್ಲಿಸ್, ಬ್ರೂಸ್ ವಿಲ್ಲಿಸ್ ಆಗಿಯೇ ಬಂದು ಗೆಳತಿ ಜೂಲಿಯಾಳನ್ನು ಮಾತಾಡಿಸಲು ಶುರುಮಾಡುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಇದು ಕಿವಿ ಮೇಲೆ ಹೂ ಇಟ್ಟ ಹಾಗನಿಸಿತ್ತು. ಈಗ ನೋಡಿದರೆ ರಾಬರ್ಟ್ಸ್‌ರ ನಟನೆಗೇ ನಗು ಬರುತ್ತದೆ. ತನ್ನ ಹಾಗೆ ನಡೆಯಲು ಬಾರದ ಹೆಂಗಸಾಗಿ ತಾನೇ ನಟಿಸುವುದು ಸುಮ್ಮನೆ ಮಾತಲ್ಲ.

ಆದರೂ ಈ ಜೋಕಿನ ಬೇರು ಎಲ್ಲಿದೆ ನೋಡಿ. ಮೊದಲ ಸಿನಿಮಾಕ್ಕೆ ಕರೆಯುವಾಗ ಕ್ಲೂನಿ ಚಿತ್ರಕತೆಯ ಜೊತೆ ಒಂದು 20 ಡಾಲರ್ ನೋಟು ಇಟ್ಟು ರಾಬರ್ಟ್ಸ್‌ಗೆ ಕಳಿಸಿದ್ದರು. ನೀವು ಒಂದು ಸಿನಿಮಾಕ್ಕೆ ಇಪ್ಪತ್ತು ತಗೋತೀರಂತೆ, ಅನ್ನೋದು ಅದರ ತಮಾಷೆ. ಅವರ ಸಂಭಾವನೆ ಆಗ 2 ಕೋಟಿ ಡಾಲರ್, ಇಂಗ್ಲಿಷ್ ಲೆಕ್ಕದಲ್ಲಿ ಇಪ್ಪತ್ತು ಮಿಲಿಯನ್. ಸ್ಟಾರ್‌ಗಳ ನಡುವಿನ ಈ ಒಳಗಿನ ತಮಾಷೆ ಮೊದಲ ಸಲ ಸಿನಿಮಾದ ಹೊರಗೇ ಉಳಿಯಿತು. ಒಳಗೆ ಬಂದದ್ದು ಒಂದೇ ಕಡೆ, ಟಿವಿಯ ಕಿರಿಯ ನಟರು ತಮ್ಮದೇ ಹೆಸರಿನಲ್ಲಿ ಬಂದು ರಸ್ಟಿಯಿಂದ ಇಸ್ಪೀಟು ಕಲಿಯುವ ದೃಶ್ಯದಲ್ಲಿ. ಎರಡು ನಿಮಿಷದ ಉಪ್ಪಿನಕಾಯಿ. ಎರಡನೆಯದರಲ್ಲಿ ಉಪ್ಪಿನಕಾಯಿಯನ್ನೇ ಎಲೆ ತುಂಬ ಬಡಿಸಿದರು. ತುಲೂರ್‌ನ ಬಂಗಲೆ ಎಂದು ತೋರಿಸುವ ವಿಲ್ಲಾ ಇಟಲಿಯ ಕೋಮೋ ಸರೋವರದ ದಡದಲ್ಲಿದೆ. ಅದೇ ಸರೋವರದ ದಡದಲ್ಲಿ ಕ್ಲೂನಿ ಅವರ ಸ್ವಂತ ಮನೆಯೂ ಇತ್ತು. ರಜೆಗೆ ಹೋದ ಹಾಗಿದೆ ಎಂದು ಜನ ಆಡಿಕೊಂಡಿದ್ದು ಸುಮ್ಸುಮ್ನೆ ಅಲ್ಲ.

ಇಷ್ಟಾದರೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಕೊನೆಯ ತಿರುವು. ತುಲೂರ್ ಲೇಸರ್ ಕಿರಣಗಳ ನಡುವೆ ಕುಣಿದು, ಬಗ್ಗಿ, ಪಲ್ಟಿ ಹೊಡೆದು ಮೊಟ್ಟೆ ಕದಿಯುತ್ತಾನೆ. ಬ್ರೆಜಿಲ್‌ನ ಕಪೋಯಿರಾ ಕುಣಿತ. ನೋಡಲು ಮಜವಾಗಿದೆ. ಆಮೇಲೆ ಡ್ಯಾನಿ ಹೇಳುತ್ತಾನೆ, ನೀನು ಕದ್ದದ್ದು ನಕಲಿ. ನಿಜವಾದ ಮೊಟ್ಟೆಯನ್ನು ಅದು ಮ್ಯೂಸಿಯಂಗೆ ಬರುವ ದಾರಿಯಲ್ಲೇ, ರೈಲಿನಲ್ಲಿ, ಚೀಲ ಬದಲಿಸಿ ಹೊಡೆದಾಗಿತ್ತು. ದಾರಿ ತೋರಿಸಿದವನು ಲಮಾರ್ಕ್. ಹಾಗಾದರೆ ನಾವು ಅಷ್ಟು ಹೊತ್ತು ನೋಡಿದ ಪರದಾಟ, ಜೈಲು, ದಿಂಬು, ಬೆವರು? ಎಲ್ಲ ತುಲೂರ್‌ಗೆ ತೋರಿಸಲು ಆಡಿದ ಆಟ. ಯಾರಿಗೆ ಎಷ್ಟು ಗೊತ್ತಿತ್ತು ಎಂದು ಲೆಕ್ಕ ಹಾಕಲು ಹೊರಟರೆ ತಲೆ ಕೆಡುತ್ತದೆ. ನಾನು ಒಂದು ಸಲ ಕಾಗದ ಹಿಡಿದು ಕೂತು ಬಿಟ್ಟುಬಿಟ್ಟೆ.

ಮೊದಲನೆಯದರಲ್ಲೂ ಮುಚ್ಚಿಟ್ಟಿದ್ದರಲ್ಲ, ಇಲ್ಲಿ ಮಾತ್ರ ಯಾಕೆ ತಕರಾರು ಎಂದು ಕೇಳಬಹುದು. ವ್ಯತ್ಯಾಸ ಇದೆ. ಅಲ್ಲಿ ನಕಲಿ ತಿಜೋರಿ ನಮ್ಮ ಕಣ್ಣ ಮುಂದೆ ಇತ್ತು. ಇಲ್ಲಿ ರೈಲಿನ ಕೆಲಸದ ಸುಳಿವನ್ನು ಹಿಡಿಯುವಷ್ಟು ಬಿಟ್ಟುಕೊಡಲಿಲ್ಲ. ಅಲ್ಲಿ ಮುಚ್ಚಿಟ್ಟದ್ದು ಬಯಲಾದಾಗ ಹಿಂದೆ ನೋಡಿದ ದೃಶ್ಯಗಳ ಬೆಲೆ ಏರಿತು. ಇಲ್ಲಿ ಇಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನಮ್ಮ ಜೊತೆ ಮೋಸ ಹೋದವನು ಗುಂಪಿನ ಹುಡುಗ ಲೈನಸ್. ಇಲ್ಲಿ ನಮ್ಮ ಜೊತೆ ಮೋಸ ಹೋದವನು ತುಲೂರ್. ಸಿನಿಮಾ ನಮ್ಮನ್ನು ಎತ್ತಿ ಖಳನ ಪಕ್ಕ ಕೂರಿಸಿತು. ಎರಡು ಗಂಟೆ ಗೆಳೆಯರ ಜೊತೆ ಕೂತಿದ್ದೇವೆ ಅಂದುಕೊಂಡು, ಕೊನೆಗೆ ನಮ್ಮನ್ನು ನೋಡಿಯೇ ಅವರು ನಗುತ್ತಿದ್ದರು ಎಂದು ಗೊತ್ತಾದರೆ ಹೇಗಿರುತ್ತದೆ? ಆ ಸಿಡಿಮಿಡಿ ಇದೇ. ಹನ್ನೆರಡನೆಯವರು ಟೆಸ್ ಅನ್ನುವವರಿದ್ದಾರೆ, ಕೊನೆಗೆ ಸೇರಿಕೊಳ್ಳುವ ಇಸಬೆಲ್ ಅನ್ನುವವರಿದ್ದಾರೆ. ನಾವಂತೂ ಅಲ್ಲ.

ಹಾಗಂತ ಎರಡನೆಯದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮತ್ತೆ ನೋಡುವಾಗ ಒಂದು ವಿಚಿತ್ರ ನಡೆಯುತ್ತದೆ. ಯಕ್ಷಗಾನಕ್ಕೆ ಹೋದವರಿಗೆಲ್ಲ ಪ್ರಸಂಗ ಗೊತ್ತಿರುತ್ತದೆ. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ವೇಷಧಾರಿ ಇವತ್ತು ಅದನ್ನು ಹೇಗೆ ಮಾಡುತ್ತಾನೆ ಅನ್ನೋದೇ ಆಸಕ್ತಿ. ‘ಟ್ವೆಲ್ವ್’ ಅನ್ನು ಹಾಗೆ ನೋಡಬೇಕು. ಮೊಟ್ಟೆಯ ಚಿಂತೆ ಬಿಟ್ಟು ಕೂತರೆ ಬೇರೆಯದೇ ಸಿನಿಮಾ ಕಾಣುತ್ತದೆ. ಪೀಟರ್ ಆಂಡ್ರೂಸ್ ಎಂಬ ಹೆಸರಿನಲ್ಲಿ ಕ್ಯಾಮೆರಾ ಹಿಡಿದವರು ಸೋಡರ್‌ಬರ್ಗ್ ಅವರೇ. ಮೊದಲನೆಯದರಲ್ಲಿ ಶಿಸ್ತಿನ ಸಿಪಾಯಿಯ ಹಾಗಿದ್ದ ಆ ಕ್ಯಾಮೆರಾ ಇಲ್ಲಿ ಜಾತ್ರೆಗೆ ಬಂದ ಹುಡುಗನ ಹಾಗೆ ಅತ್ತಿತ್ತ ತಿರುಗುತ್ತದೆ, ತಟ್ಟನೆ ಹತ್ತಿರ ಹೋಗುತ್ತದೆ. ಡೇವಿಡ್ ಹೋಮ್ಸ್ ಸಂಗೀತಕ್ಕಂತೂ ನಾನು ಎರಡನೆಯದಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಮತ್ಸುಯಿ ಎಂಬ ದಲ್ಲಾಳಿಯ ಜೊತೆ ಡ್ಯಾನಿ, ರಸ್ಟಿ ಅರ್ಥವಿಲ್ಲದ ಗಾದೆಗಳಂಥ ಮಾತಾಡುವ ದೃಶ್ಯ ಇದೆ. ಲೈನಸ್‌ಗೆ ತಲೆಬುಡ ತಿಳಿಯುವುದಿಲ್ಲ. ತಾನೂ ಏನಾದರೂ ಹೇಳಬೇಕಲ್ಲ ಎಂದು ಒಂದು ರಾಕ್ ಹಾಡಿನ ಸಾಲು ಒದರಿ ಬೈಸಿಕೊಳ್ಳುತ್ತಾನೆ. ಎರಡೂ ಸಿನಿಮಾ ಸೇರಿಸಿ ನನಗೆ ಅತಿ ಹೆಚ್ಚು ನಗು ಬರುವುದು ಅಲ್ಲೇ. ಯಾಕೆಂದರೆ ಅಲ್ಲಿ ಮತ್ತೆ ಲೈನಸ್ ಪಕ್ಕದಲ್ಲಿ ನಮಗೊಂದು ಕುರ್ಚಿ ಇದೆ.

ಇದು ಈ ಒಂದು ಸೀಕ್ವೆಲ್‌ನ ಕಷ್ಟ ಮಾತ್ರವೂ ಅಲ್ಲ. ಕಳ್ಳತನದ ಕಾಮಿಡಿಯಲ್ಲಿ ಎರಡು ಜಾತಿ. ಒಂದು ಪೆದ್ದರದು. ಮಾರಿಯೋ ಮೊನಿಚೆಲ್ಲಿ 1958ರಲ್ಲಿ ಇಟಲಿಯಲ್ಲಿ ಮಾಡಿದ ‘ಇ ಸೋಲಿತಿ ಇನ್ಯೋತಿ’ ಅದಕ್ಕೆ ಅಜ್ಜ. ಹೊಟ್ಟೆಗಿಲ್ಲದ ಕಳ್ಳರು ರಾತ್ರಿಯೆಲ್ಲ ಗೋಡೆ ಒಡೆದು, ಒಡೆದದ್ದು ತಪ್ಪು ಗೋಡೆ ಎಂದು ತಿಳಿದು, ಅಡುಗೆಮನೆಯಲ್ಲಿದ್ದ ಊಟ ಮಾಡಿ ಹೋಗುತ್ತಾರೆ. ಇನ್ನೊಂದು ಚತುರರದು, ಓಷನ್ ಗುಂಪಿನ ಹಾಗೆ. ಪೆದ್ದರಿಗೆ ಎರಡನೇ ಭಾಗ ಸುಲಭ. ಅವರು ಸೋತಿದ್ದಾರೆ, ಹಸಿವು ಹಾಗೇ ಇದೆ, ಮರುವರ್ಷವೇ ಮತ್ತೆ ಹೊರಟರು. ಗೆದ್ದವರಿಗೆ ಕಷ್ಟ. ಗೆದ್ದದ್ದನ್ನು ಮೊದಲು ಕಿತ್ತುಕೊಳ್ಳಬೇಕು. ಹಿಂದಿಯ ‘ಹೇರಾ ಫೇರಿ’ ನೆನಪಿಸಿಕೊಳ್ಳಿ. 2000ದಲ್ಲಿ ಮೂವರಿಗೆ ಹಣ ಸಿಕ್ಕಿತು. 2006ರ ಎರಡನೇ ಭಾಗದಲ್ಲಿ ಹಣ ದುಪ್ಪಟ್ಟಾಗುತ್ತದೆ ಎಂಬ ಆಸೆಗೆ ಬಿದ್ದು ಅದನ್ನು ಕಳೆದುಕೊಂಡ ಮೇಲೇ ಕತೆ ಶುರು. ಆದರೆ ಅಲ್ಲಿ ಹಣ ಹೋದದ್ದು ಅವರದೇ ಪೆದ್ದುತನದಿಂದ, ಅದೇ ನಗು. ಚತುರರನ್ನು ಹಾಗೆ ಪೆದ್ದರಾಗಿಸಿದರೆ ಜನ ಒಪ್ಪುವುದಿಲ್ಲ. ಪೆದ್ದರಾದ ಹಾಗೆ ನಟಿಸಿದರು ಎನ್ನಬೇಕಾಗುತ್ತದೆ. ‘ಟ್ವೆಲ್ವ್’ ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲೇ.

2007ರ ‘ಓಷನ್ಸ್ ಥರ್ಟೀನ್’ ಇದಕ್ಕೆ ತಿಪ್ಪೆ ಸಾರಿಸಿತು. ಮತ್ತೆ ವೇಗಸ್, ಮತ್ತೆ ಕ್ಯಾಸಿನೋ, ಅಲ್ ಪಸಿನೋ ಹೊಸ ಯಜಮಾನ. ಅವನು ರೂಬೆನ್‌ಗೆ ಕೈಕೊಟ್ಟ, ರೂಬೆನ್ ಹೃದಯಾಘಾತದಿಂದ ಹಾಸಿಗೆ ಹಿಡಿದ, ಗೆಳೆಯರು ಸೇಡಿಗೆ ಹೊರಟರು. ಅಚ್ಚುಕಟ್ಟಾಗಿದೆ. ಗಳಿಸಿದ್ದು ಸುಮಾರು 31 ಕೋಟಿ ಡಾಲರ್. ನನಗೆ ಅದರ ಒಂದು ದೃಶ್ಯವೂ ಸರಿಯಾಗಿ ನೆನಪಿಲ್ಲ. ‘ಟ್ವೆಲ್ವ್’ ಮೇಲೆ ಸಿಟ್ಟಿದ್ದರೂ ಅದರ ಅರ್ಧ ಸಿನಿಮಾ ಕಣ್ಣಲ್ಲೇ ಇದೆ.

ಹೊಸದೊಂದು ನಿಜವಾಗಿ ಬಂದರೆ ಹಳೆಯ ಹನ್ನೊಂದು ಜನ ಇರಲಾರರು. ಫ್ರಾಂಕ್ ಆಗಿದ್ದ ಬರ್ನಿ ಮ್ಯಾಕ್ 2008ರಲ್ಲಿ ತೀರಿಕೊಂಡರು, ಸಾಲ್ ಆಗಿದ್ದ ಕಾರ್ಲ್ ರೈನರ್ 2020ರಲ್ಲಿ. ಕ್ಲೂನಿಗೆ ಅರವತ್ತು ದಾಟಿದೆ. ವಯಸ್ಸಾದ ಕಳ್ಳರು ಕೊನೆಯ ಕನ್ನ ಹಾಕುವ ಕತೆ ಬರೆಯಲು ಯಾರಿಗೂ ಕಷ್ಟವಾಗಲಿಕ್ಕಿಲ್ಲ. ನಾನು ನೋಡುವುದು ಒಂದೇ ಒಂದನ್ನು. ಮೊದಲ ಅರ್ಧ ಗಂಟೆಯಲ್ಲಿ, ಎಲ್ಲರೂ ತಲೆಯಾಡಿಸುತ್ತಿರುವಾಗ, ಏನೂ ಅರ್ಥವಾಗದೆ ಮಧ್ಯೆ ಬಾಯಿ ಹಾಕಿ ಪ್ರಶ್ನೆ ಕೇಳುವವನೊಬ್ಬ ಆ ಕೋಣೆಯಲ್ಲಿ ಇದ್ದಾನಾ? ಹಿಂದೆ ಆ ಕೆಲಸ ಲೈನಸ್‌ನದಾಗಿತ್ತು. ಈಗ ಡೇಮನ್‌ಗೂ ಐವತ್ತು ದಾಟಿದೆ. ‘ನಾನು ಐವತ್ತರ ಹಾಗೆ ಕಾಣುತ್ತೇನಾ’ ಎಂದು ಈ ಸಲ ಕೇಳುತ್ತಾ ತಿರುಗಬೇಕಾದವನು ಅವನೇ.